ಮುಂಬಯಿಯ ವಸ್ತುಸಂಗ್ರಹಾಲಯಗಳನ್ನು ನೋಡುವ ಬಗೆ

ಮುಂಬಯಿಗೆ ಹೋಗಿ ಬಂದವರನ್ನು "ಏನೇನು ನೋಡಿದಿರಿ?" ಎಂದು ಕೇಳಿದರೆ "ಎಲ್ಲವನ್ನೂ ನೋಡಿದೆವು" ಎಂಬ ಉತ್ತರ ಒಡನೆಯೇ ಬರುತ್ತದೆ. ಸುಳ್ಳೇನೂ ಅಲ್ಲ. ನೆಂಟರ ಮನೆಯಲ್ಲಿ ಬೆಳಗಿನ ಫಲಾಹಾರ ಮುಗಿಸಿ ಹೊರಟವರು ಗೇಟ್‌ವೇ ಆಫ್ ಇಂಡಿಯಾ, ಮ್ಯೂಸಿಯಂ, ರಾಣಿಬಾಗು, ಮಹಾಲಕ್ಷ್ಮಿಯ ಗುಡಿ, ಚೌಪಾಟಿ ಎಲ್ಲವನ್ನೂ ಒಂದೇ ದಿನದಲ್ಲಿ ಸುತ್ತಿ, ದೀಪ ಹಚ್ಚುವ ಹೊತ್ತು ಮೀರಿದ ಮೇಲೆ ಕಾಲು ನೋಯಿಸಿಕೊಂಡು ಹಿಂದಿರುಗಿರುತ್ತಾರೆ. "ಮ್ಯೂಸಿಯಮಿನಲ್ಲಿ ಏನಿತ್ತು?" ಎಂದು ಇನ್ನೊಂದು ಪ್ರಶ್ನೆ ಹಾಕಿದರೆ ಮಾತ್ರ ಮಾತು ತಡವರಿಸುತ್ತದೆ. "ಏನೇನೋ ಇದ್ದವು. ವಿಗ್ರಹಗಳು, ಕತ್ತಿಗಳು, ಹಳೆಯ ಪಾತ್ರೆಗಳು..." ಅಷ್ಟಕ್ಕೆ ಮುಗಿಯಿತು.

ಇದರಲ್ಲಿ ನೋಡಿದವರನ್ನು ಹಳಿಯುವಂಥದೇನೂ ಇಲ್ಲ. ಸಂಗೀತವನ್ನು ಕೇಳುವುದಕ್ಕೆ ಅಭ್ಯಾಸ ಬೇಕೆಂದು ನಾವೆಲ್ಲರೂ ಒಪ್ಪುತ್ತೇವೆ. ನೋಡುವುದಕ್ಕೂ ಅಭ್ಯಾಸ ಬೇಕೆಂಬುದನ್ನು ಮರೆಯುತ್ತೇವೆ. ಸಾವಿರಾರು ವಸ್ತುಗಳು ಸಾಲಾಗಿ ನಿಂತ ಕಡೆ ಕಣ್ಣು ಮೊದಲ ಅರ್ಧ ಗಂಟೆ ಚುರುಕಾಗಿರುತ್ತದೆ. ಆಮೇಲೆ ಕಾಲು ನಡೆಯುತ್ತದೆಯೇ ಹೊರತು ಕಣ್ಣು ನೋಡುವುದಿಲ್ಲ. ಆದ್ದರಿಂದ ನಾನು ಹೇಳಬೇಕೆಂದಿರುವ ಉಪಾಯ ಬಹಳ ಸುಲಭವಾದದ್ದು. ಎಲ್ಲವನ್ನೂ ನೋಡುವ ಆಸೆಯನ್ನು ಬಿಟ್ಟು ನಾಲ್ಕೈದು ವಸ್ತುಗಳನ್ನು ಆರಿಸಿಕೊಳ್ಳಿ. ಪ್ರತಿಯೊಂದರ ಮುಂದೆಯೂ ನಿಂತು ಒಂದೇ ಪ್ರಶ್ನೆಯನ್ನು ಕೇಳಿ: ಇದು ಮೊದಲು ಎಲ್ಲಿತ್ತು?

ಸಂಗ್ರಹಾಲಯದಲ್ಲಿರುವ ವಸ್ತುವಿಗೆ ಎರಡು ಊರುಗಳುಂಟು. ಒಂದು ಹುಟ್ಟಿದ ಊರು, ಇನ್ನೊಂದು ಬಂದು ನೆಲಸಿದ ಊರು. ಮುಂಬಯಿಯ ಜನರಲ್ಲಿ ಬಹುಮಂದಿಯ ಕಥೆಯೂ ಇದೇ ಅಲ್ಲವೆ? ದಕ್ಷಿಣ ಕನ್ನಡದಿಂದ ಹೋಗಿ ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿ, ಅಲ್ಲಿಯೇ ಬೇರು ಬಿಟ್ಟ ಕನ್ನಡಿಗರು ಎಷ್ಟೋ ಜನ. ಅವರಂತೆಯೇ ನಮ್ಮ ನಾಡಿನಿಂದ ಹೋಗಿ ಅಲ್ಲಿ ನೆಲಸಿದ ಕಲ್ಲುಗಳೂ ಇವೆ. ಅವುಗಳ ಮುಂದೆಯೇ ಹಾದುಹೋಗಿ, ಇವು ಯಾವ ಊರಿನವು ಎಂದು ತಿಳಿಯದೆ ಬರುವುದು ಒಂದು ನಷ್ಟವೇ ಸರಿ.

ಮೊದಲು ಕೋಟೆ ಪ್ರದೇಶದ ದೊಡ್ಡ ಸಂಗ್ರಹಾಲಯಕ್ಕೆ ಹೋಗೋಣ. 1998ರಿಂದ ಅದರ ಹೆಸರು ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ. ಹಳಬರ ಬಾಯಲ್ಲಿ ಅದು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಮುಂದೆ ಐದನೆಯ ಜಾರ್ಜ್ ದೊರೆಯಾದ ರಾಜಕುಮಾರನು ಮುಂಬಯಿಗೆ ಬಂದದ್ದರ ನೆನಪಿಗಾಗಿ ಊರಿನ ಗಣ್ಯರು ಕೂಡಿ ಆಲೋಚಿಸಿದ ಕಟ್ಟಡವಿದು. 1905ನೆಯ ನವೆಂಬರ್ 11ರಂದು ಅಸ್ತಿಭಾರದ ಕಲ್ಲನ್ನಿಟ್ಟರು. ಕಟ್ಟಡದ ನಕ್ಷೆಯನ್ನು ರಚಿಸಿದವನು ಜಾರ್ಜ್ ವಿಟೆಟ್. ಗೇಟ್‌ವೇ ಆಫ್ ಇಂಡಿಯಾದ ನಕ್ಷೆಯೂ ಇವನದೇ. ಕಟ್ಟಡ ಎದ್ದು ನಿಲ್ಲುವ ಹೊತ್ತಿಗೆ ಮೊದಲನೆಯ ಮಹಾಯುದ್ಧ ಬಂದಿತು. ವಸ್ತುಗಳಿಗಾಗಿ ಕಟ್ಟಿದ ಮನೆ ಕೆಲವು ವರ್ಷಗಳ ಕಾಲ ಸೈನಿಕರ ಆಸ್ಪತ್ರೆಯಾಯಿತು. ಜನರಿಗೆ ಅದರ ಬಾಗಿಲು ತೆರೆದದ್ದು 1922ನೆಯ ಜನವರಿ 10ರಂದು.

ಒಳಕ್ಕೆ ಕಾಲಿಟ್ಟ ಕೂಡಲೇ ಗಾಜಿನ ಪೆಟ್ಟಿಗೆಗಳ ಕಡೆಗೆ ಓಡಬೇಡಿ. ನಡುವಣ ಹಜಾರದಲ್ಲಿ ನಿಂತು ತಲೆಯೆತ್ತಿ ನೋಡಿ. ಗುಮ್ಮಟದ ಹೊರರೂಪಕ್ಕೆ ಗೋಲ್ಕೊಂಡದ ಕಡೆಯ ಮಾದರಿ. ಒಳಗೆ ಅದನ್ನು ಹೊತ್ತು ನಿಂತ ಕಮಾನುಗಳಿಗೆ ನಮ್ಮ ವಿಜಾಪುರದ, ಎಂದರೆ ಇಂದಿನ ವಿಜಯಪುರದ, ಗೋಳಗುಮ್ಮಟವೇ ಮಾದರಿ. ಈ ಕಮಾನುಗಳ ಕೆಲಸವೇನೆಂಬುದನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಕೋಣೆ ಚೌಕವಾಗಿರುತ್ತದೆ, ಗುಮ್ಮಟ ದುಂಡಗಿರುತ್ತದೆ. ಚೌಕದ ಮೇಲೆ ದುಂಡನ್ನು ಕೂರಿಸುವುದು ಹೇಗೆ? ಮೂಲೆಗಳೆಲ್ಲ ತೆರೆದುಕೊಂಡಿರುತ್ತವಲ್ಲ! ವಿಜಾಪುರದ ಶಿಲ್ಪಿಗಳು ಎಂಟು ಕಮಾನುಗಳನ್ನು ಒಂದನ್ನೊಂದು ಹೆಣೆದುಕೊಳ್ಳುವಂತೆ ಅಡ್ಡಡ್ಡಲಾಗಿ ಎಬ್ಬಿಸಿದರು. ಮೇಲೆ ಹೋದಂತೆ ಚೌಕ ಕಿರಿದಾಗಿ ಎಂಟು ಮೂಲೆಯದಾಯಿತು. ಅಲ್ಲಿಂದ ದುಂಡಾಗುವುದು ಸುಲಭವಾಯಿತು. ಅದೂ ಅಲ್ಲದೆ ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ಬಾಗಿದ ಈ ಕಮಾನುಗಳ ಭಾರ ಆ ತಳ್ಳಿಕೆಯನ್ನು ತಡೆಯುತ್ತದೆ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಗೋರಿಯ ಮೇಲೆ ನಮ್ಮ ಕಡೆಯ ಕೆಲಸಗಾರರು ಸಾಧಿಸಿದ ಈ ಉಪಾಯವನ್ನು ಸುಮಾರು ಎರಡೂವರೆ ಶತಮಾನಗಳ ಮೇಲೆ ಇಂಗ್ಲೀಷ್ ನಕ್ಷೆಗಾರನೊಬ್ಬ ಕಡಲ ತೀರಕ್ಕೆ ತಂದ. ಇಲ್ಲಿ ಕಲ್ಲು ಬರಲಿಲ್ಲ, ಕಲ್ಲಿನ ಬುದ್ಧಿ ಬಂದಿತು. ಮುಂದೆ ಗೋಳಗುಮ್ಮಟಕ್ಕೆ ಹೋದಾಗ ಪಿಸುಮಾತಿನ ಮೊಳಗನ್ನು ಕೇಳುವುದರ ಜೊತೆಗೆ ಈ ಕಮಾನುಗಳನ್ನೂ ನೋಡಬೇಕೆಂದು ನೆನಪಿಟ್ಟುಕೊಳ್ಳಿ.

ಎರಡನೆಯದಾಗಿ, ಶಿಲ್ಪಗಳ ವಿಭಾಗದಲ್ಲಿ ಐಹೊಳೆಯಿಂದ ಬಂದ ಕಲ್ಲುಗಳನ್ನು ಹುಡುಕಿ. ಬಾದಾಮಿಯ ಚಲುಕ್ಯರ ಕಾಲದ ಗುಡಿಯ ಒಳಮಾಳಿಗೆಗೆ ಹೊದಿಸಿದ್ದ ದೊಡ್ಡ ಚಪ್ಪಡಿಗಳು ಅಲ್ಲಿವೆ. ಸುತ್ತಲೂ ಪರಿವಾರವನ್ನಿಟ್ಟುಕೊಂಡು ಕುಳಿತ ಬ್ರಹ್ಮನನ್ನು ಅವುಗಳಲ್ಲಿ ಕಾಣಬಹುದು. ಗಾಳಿಯಲ್ಲಿ ತೇಲುವ ಗಂಧರ್ವ ದಂಪತಿಗಳ ಶಿಲ್ಪವೂ ಐಹೊಳೆಯದೇ. ಆ ದಂಪತಿಗಳ ಮಡಿಸಿದ ಕಾಲುಗಳನ್ನು ಗಮನಿಸಿ. ರೆಕ್ಕೆಗಳಿಲ್ಲದೆ ಹಾರುವುದನ್ನು ಶಿಲ್ಪಿ ಮೈಯ ಬಾಗಿನಿಂದಲೇ ತೋರಿಸಿದ್ದಾನೆ.

ಈಗ ನಮ್ಮ ಪ್ರಶ್ನೆಯನ್ನು ಹಾಕಿ: ಇವು ಮೊದಲು ಎಲ್ಲಿದ್ದವು? ಒಳಮಾಳಿಗೆಯ ಚಪ್ಪಡಿ ಇದ್ದದ್ದು ನೋಡುವವನ ತಲೆಯ ಮೇಲೆ. ಗುಡಿಯ ಅರೆಬೆಳಕಿನಲ್ಲಿ ಕುತ್ತಿಗೆಯೆತ್ತಿ ನೋಡಲೆಂದು ಕಡೆದ ದೇವರನ್ನು ನಾವು ಮುಂಬಯಿಯಲ್ಲಿ ಎದುರೆದುರಾಗಿ ನಿಂತು ನೋಡುತ್ತೇವೆ. ಕಣ್ಣಿಗೆ ಇದು ಲಾಭ. ಉಳಿಯ ಒಂದೊಂದು ಗೆರೆಯೂ ಕಾಣುತ್ತದೆ. ಆದರೆ ಮೇಲಿನಿಂದ ಕೆಳಗೆ ನೋಡುತ್ತಿದ್ದ ದೇವರ ಭಾವವನ್ನು ನಾವೇ ಊಹಿಸಿಕೊಳ್ಳಬೇಕಾಗುತ್ತದೆ. ಒಂದು ಕ್ಷಣ ಕಣ್ಣು ಮುಚ್ಚಿ, ಆ ಕಲ್ಲನ್ನು ಎತ್ತಿ ತಲೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಮತ್ತೆ ನೋಡಿ. ನಾನು ಹೇಳುವುದರ ಅರ್ಥ ಆಗ ಗೊತ್ತಾಗುತ್ತದೆ.

ಐಹೊಳೆಯ ಕಲ್ಲು ಮುಂಬಯಿಗೆ ಏಕೆ ಹೋಯಿತು? ಕಾರಣ ಸ್ಪಷ್ಟವಾಗಿಯೇ ಇದೆ. 1956ರ ನವೆಂಬರಿನಲ್ಲಿ ಕನ್ನಡ ನಾಡು ಒಂದಾಗುವವರೆಗೆ ವಿಜಾಪುರ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಐಹೊಳೆ ಅಂದು ಆ ಜಿಲ್ಲೆಯ ಒಂದು ಹಳ್ಳಿ. ರಾಜಧಾನಿಯ ಸಂಗ್ರಹಾಲಯಕ್ಕೆ ಪ್ರಾಂತದ ಮೂಲೆಮೂಲೆಗಳಿಂದ ವಸ್ತುಗಳು ಹೋದವು. ಆ ಕಾಲದಲ್ಲಿ ಐಹೊಳೆಯ ಗುಡಿಗಳಲ್ಲಿ ಜನ ಸಂಸಾರ ಹೂಡಿದ್ದರು, ದನ ಕಟ್ಟುತ್ತಿದ್ದರು. ಲಾಡಖಾನನ ಗುಡಿ ಎಂಬ ಹೆಸರು ಬಂದದ್ದೇ ಅಲ್ಲಿ ವಾಸವಾಗಿದ್ದವನಿಂದ. ಕಲ್ಲುಗಳನ್ನು ಒಯ್ದದ್ದರಿಂದ ಅವು ಉಳಿದವೆಂದು ಹೇಳುವವರ ಮಾತಿನಲ್ಲಿಯೂ ಸತ್ಯವುಂಟು. ಗುಡಿಯೊಂದರ ಒಳಮಾಳಿಗೆ ಬರಿದಾಯಿತೆಂದು ನೊಂದುಕೊಳ್ಳುವವರ ಮಾತಿನಲ್ಲಿಯೂ ಸತ್ಯವುಂಟು. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಮೊದಲು ಎರಡನ್ನೂ ತಿಳಿದಿರಬೇಕಾದ್ದು ನೋಡುವವನ ಧರ್ಮ.

ಇಲ್ಲಿ ಚೀಟಿಯ ವಿಷಯವಾಗಿ ಒಂದು ಮಾತು. ಪ್ರತಿಯೊಂದು ವಸ್ತುವಿನ ಪಕ್ಕದಲ್ಲಿಯೂ ಒಂದು ಸಣ್ಣ ಚೀಟಿ ಇರುತ್ತದೆ. ಅದರಲ್ಲಿ ವಸ್ತುವಿನ ಹೆಸರು, ಊರು, ಕಾಲ, ಯಾವುದರಿಂದ ಮಾಡಿದ್ದು, ಕೆಲವು ವೇಳೆ ಕೊಟ್ಟವರ ಹೆಸರು ಬರೆದಿರುತ್ತದೆ. ಸಾಮಾನ್ಯವಾಗಿ ನಾವು ಹೆಸರನ್ನಷ್ಟೇ ಓದಿ ಮುಂದಕ್ಕೆ ಹೋಗುತ್ತೇವೆ. ಇನ್ನು ಮೇಲೆ ಊರಿನ ಹೆಸರನ್ನು ಮೊದಲು ಓದಿ. ಆಮೇಲೆ ಕಲ್ಲಿನ ಜಾತಿಯನ್ನು ಓದಿ. ಮಲಪ್ರಭೆಯ ದಂಡೆಯ ಮರಳುಗಲ್ಲಿಗೆ ಕೆಂಪು ಛಾಯೆ, ಮುಂಬಯಿ ಸುತ್ತಣ ಗುಡ್ಡಗಳದು ಜ್ವಾಲಾಮುಖಿಯಿಂದಾದ ಕಪ್ಪು ಕಲ್ಲು. ಎರಡೂ ಅಕ್ಕಪಕ್ಕದಲ್ಲಿ ನಿಂತಾಗ ಬಣ್ಣದಿಂದಲೇ ತವರೂರನ್ನು ಗುರುತಿಸುವುದು ಮಕ್ಕಳಿಗೂ ಒಂದು ಆಟವಾಗುತ್ತದೆ.

ಮೂರನೆಯ ವಸ್ತುವನ್ನು ನೋಡಲು ಬೈಕಲಾಕ್ಕೆ ಹೋಗಬೇಕು. ಅಲ್ಲಿನ ರಾಣಿಬಾಗಿನ ಮಗ್ಗುಲಲ್ಲಿಯೇ ಊರಿನ ಅತ್ಯಂತ ಹಳೆಯ ಸಂಗ್ರಹಾಲಯವಿದೆ. 1872ರಲ್ಲಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಎಂಬ ಹೆಸರಿನಿಂದ ತೆರೆದ ಇದಕ್ಕೆ, ಅದನ್ನು ಕಟ್ಟಿಸಲು ದುಡಿದ ವೈದ್ಯರೂ ವಿದ್ವಾಂಸರೂ ಆದ ಡಾಕ್ಟರ್ ಭಾವೂ ದಾಜೀ ಲಾಡ್ ಅವರ ಹೆಸರನ್ನು 1975ರಲ್ಲಿ ಇಟ್ಟರು. ಮುಂಬಯಿಯ ಹಳೆಯ ಕಸಬುಗಳನ್ನೂ ಜನರ ವೇಷಭೂಷಣಗಳನ್ನೂ ತೋರಿಸುವ ಮಣ್ಣಿನ ಗೊಂಬೆಗಳು ಇಲ್ಲಿನ ವಿಶೇಷ. ನಾನು ಹೇಳಹೊರಟ ವಸ್ತು ಮಾತ್ರ ಒಳಗಿಲ್ಲ, ಹೊರಗೆ ತೋಟದಲ್ಲಿ ನಿಂತಿದೆ. ಅದೊಂದು ಕಲ್ಲಿನ ಆನೆ.

ಈ ಆನೆ ಹಿಂದೆ ಮುಂಬಯಿ ಬಂದರಿನಾಚೆಯ ಘಾರಾಪುರಿ ದ್ವೀಪದಲ್ಲಿತ್ತು. ಅಲ್ಲಿಗೆ ಬಂದ ಪೋರ್ಚುಗೀಸರು ಇದನ್ನು ಕಂಡೇ ಆ ದ್ವೀಪವನ್ನು ಎಲಿಫೆಂಟಾ ಎಂದು ಕರೆದರು. 1864ರಲ್ಲಿ ಇದನ್ನು ಇಂಗ್ಲೆಂಡಿಗೆ ಸಾಗಿಸುವ ಪ್ರಯತ್ನ ನಡೆಯಿತು. ಎತ್ತುವಾಗ ಸರಪಳಿ ಹರಿದು ಆನೆ ಕೆಳಗೆ ಬಿದ್ದು ಚೂರಾಯಿತು. ಚೂರುಗಳನ್ನು ಈ ತೋಟಕ್ಕೆ ತಂದು ಹಾಕಿದರು. ಅರ್ಧ ಶತಮಾನ ಕಳೆದ ಮೇಲೆ, 1914ರಲ್ಲಿ, ಅವನ್ನು ಕೂಡಿಸಿ ನಿಲ್ಲಿಸಿದರು. ಹತ್ತಿರ ಹೋಗಿ ನೋಡಿದರೆ ಬೆಸುಗೆಯ ಗುರುತುಗಳು ಕಾಣುತ್ತವೆ. ಒಂದು ದ್ವೀಪಕ್ಕೆ ಹೆಸರು ಕೊಟ್ಟ ಆನೆ ಆ ದ್ವೀಪದಲ್ಲಿಲ್ಲ. ಅದಕ್ಕೆ ಹೆಸರಿಟ್ಟವರೂ ಈಗಿಲ್ಲ, ಒಯ್ಯಬೇಕೆಂದವರೂ ಇಲ್ಲ. ಮೃಗಶಾಲೆಯ ಜೀವಂತ ಪ್ರಾಣಿಗಳನ್ನು ನೋಡುವ ಆತುರದಲ್ಲಿ ಬಹಳ ಮಂದಿ ಇದನ್ನು ನೋಡದೆಯೇ ಹೋಗುತ್ತಾರೆ. ವಸ್ತುಗಳನ್ನು ಅವುಗಳ ನೆಲೆಯಿಂದ ಕೀಳುವುದರ ಅಪಾಯವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪಾಠ ಬೇರೊಂದಿಲ್ಲ.

ಆನೆಯನ್ನು ನೋಡಿದ ಮಾರನೆಯ ದಿನ ಅದರ ತವರಿಗೆ ಹೋಗಿ ಬನ್ನಿ. ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿ ಹತ್ತಿದರೆ ಸುಮಾರು ಒಂದು ಗಂಟೆಯ ಪ್ರಯಾಣ. ದೋಣಿಯಿಂದಿಳಿದು ಮೆಟ್ಟಿಲು ಹತ್ತಿ ಹೋದರೆ ಬೆಟ್ಟವನ್ನೇ ಕೊರೆದು ಮಾಡಿದ ಶಿವಾಲಯ. 6ನೆಯ ಶತಮಾನದ್ದೆಂದು ವಿದ್ವಾಂಸರಲ್ಲಿ ಹೆಚ್ಚಿನವರು ಎಣಿಸುತ್ತಾರೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಹಿಂಬದಿಯ ಗೋಡೆಯಲ್ಲಿ ಐದು ಮೀಟರಿಗೂ ಎತ್ತರವಾದ ಮೂರು ಮುಖಗಳ ಮೂರ್ತಿ. ತ್ರಿಮೂರ್ತಿ ಎಂದು ಜನ ಕರೆದರೂ ಬ್ರಹ್ಮ ವಿಷ್ಣು ಮಹೇಶ್ವರರಲ್ಲ, ಸದಾಶಿವನೊಬ್ಬನೇ. ಒಂದು ಕಡೆ ಉಗ್ರವಾದ ಮುಖ, ಇನ್ನೊಂದು ಕಡೆ ಕೋಮಲವಾದ ಮುಖ, ನಡುವೆ ಎರಡನ್ನೂ ಅಡಗಿಸಿಕೊಂಡ ಶಾಂತಮುಖ. ಇಲ್ಲಿ ನಮ್ಮ ಪ್ರಶ್ನೆಗೆ ಕೆಲಸವಿಲ್ಲ. ಈ ದೇವರು ಮೊದಲು ಎಲ್ಲಿದ್ದನೋ ಈಗಲೂ ಅಲ್ಲಿಯೇ ಇದ್ದಾನೆ. ಬೆಟ್ಟದಿಂದ ಬಿಡಿಸಿ ಒಯ್ಯುವಂತಿಲ್ಲ. ಹೊರಗಿನ ಬೆಳಕು ಕಂಬಗಳ ನಡುವೆ ತೂರಿ ಬಂದು ಆ ಮುಖಗಳ ಮೇಲೆ ಹೊತ್ತುಹೊತ್ತಿಗೂ ಬದಲಾಗುವುದನ್ನು ಅರ್ಧ ಗಂಟೆ ಕುಳಿತು ನೋಡಿ. ನೆಲೆಯಲ್ಲಿರುವ ಶಿಲ್ಪಕ್ಕೂ ನೆಲೆ ತಪ್ಪಿದ ಶಿಲ್ಪಕ್ಕೂ ಇರುವ ಅಂತರ ಮಾತಿಲ್ಲದೆ ತಿಳಿಯುತ್ತದೆ.

ದೋಣಿಯಲ್ಲಿ ಹಿಂದಿರುಗುವಾಗ ನೆನೆಯಬೇಕಾದ ಸಂಗತಿ ಇನ್ನೊಂದಿದೆ. ಐಹೊಳೆಯ ಮೇಗುಟಿ ಗುಡಿಯಲ್ಲಿ ರವಿಕೀರ್ತಿ ಕವಿ ರಚಿಸಿದ ಕ್ರಿ. ಶ. 634ರ ಶಾಸನವಿದೆ. ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಹೇಳುತ್ತ, ಅವನು ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ನೂರಾರು ಹಡಗುಗಳಿಂದ ಮುತ್ತಿದನೆಂದು ಅದು ಹೇಳುತ್ತದೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ; ಬೇರೆ ಸ್ಥಳಗಳನ್ನು ಸೂಚಿಸುವವರೂ ಉಂಟು. ಯಾವುದೇ ಆಗಲಿ, ಐಹೊಳೆಯ ಹೆಸರು ಮುಂಬಯಿಯ ಕಡಲಿನ ಜೊತೆ ಸೇರಿದ್ದು ಚಪ್ಪಡಿಗಳು ಅಲ್ಲಿಗೆ ಹೋಗುವುದಕ್ಕೆ ಹನ್ನೆರಡು ಶತಮಾನಗಳಿಗೂ ಮೊದಲು.

ಇನ್ನೂ ಒಂದು ದಿನ ಬಿಡುವಿದ್ದರೆ ಊರಿನ ಉತ್ತರಕ್ಕೆ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನೊಳಗಿರುವ ಕನ್ಹೇರಿಗೆ ಹೋಗಬಹುದು. ಬೌದ್ಧ ಭಿಕ್ಷುಗಳಿಗಾಗಿ ಕೊರೆದ ನೂರಕ್ಕೂ ಮಿಕ್ಕಿದ ಗುಹೆಗಳು ಅಲ್ಲಿವೆ. ಶಿಲ್ಪಗಳ ಜೊತೆಗೆ ನೀರಿನ ವ್ಯವಸ್ಥೆಯನ್ನು ನೋಡಿ. ಮಳೆಯ ನೀರು ಹರಿದು ಬರಲು ಬಂಡೆಯಲ್ಲಿ ಕಾಲುವೆಗಳನ್ನು ಕಡೆದು, ಗುಹೆಗಳ ಬಳಿಯಲ್ಲಿ ತೊಟ್ಟಿಗಳಲ್ಲಿ ಶೇಖರಿಸಿದ್ದಾರೆ. 9ನೆಯ ಶತಮಾನದ ಶಾಸನಗಳಲ್ಲಿ ಅಲ್ಲಿ ಬರುವ ಚಕ್ರವರ್ತಿಯ ಹೆಸರು ನಮಗೆ ಪರಿಚಿತವಾದದ್ದು: ರಾಷ್ಟ್ರಕೂಟ ಅಮೋಘವರ್ಷ. ಕವಿರಾಜಮಾರ್ಗ ಹುಟ್ಟಿದ್ದು ಇದೇ ನೃಪತುಂಗನ ಆಸ್ಥಾನದಲ್ಲಿ. ಅವನ ಸಾಮಂತರಾದ ಶಿಲಾಹಾರರು ಕೊಂಕಣವನ್ನು ಆಳುತ್ತಿದ್ದಾಗ ಭಿಕ್ಷುಗಳಿಗೆ ಬಂದ ದಾನಗಳನ್ನು ಈ ಶಾಸನಗಳು ದಾಖಲಿಸಿವೆ.

ಕಲ್ಲಿನಿಂದ ಬೇಸತ್ತವರಿಗೆ ಗಾಮದೇವಿಯ ಮಣಿಭವನವಿದೆ. 1917ರಿಂದ 1934ರವರೆಗೆ ಗಾಂಧೀಜಿ ಮುಂಬಯಿಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಮನೆಯಿದು. ಅವರ ಕೋಣೆಯಲ್ಲಿ ನೆಲದ ಹಾಸಿಗೆ, ಚರಕ ಇಂಥ ನಾಲ್ಕಾರು ಸಾಮಾನುಗಳ ಹೊರತು ಹೆಚ್ಚೇನೂ ಇಲ್ಲ. 1932ನೆಯ ಜನವರಿ 4ರ ನಸುಕಿನಲ್ಲಿ ಪೊಲೀಸರು ಅವರನ್ನು ದಸ್ತಗಿರಿ ಮಾಡಿದ್ದು ಈ ಮನೆಯ ಮಾಳಿಗೆಯ ಮೇಲಿನ ಡೇರೆಯಿಂದ. ದೊಡ್ಡ ಸಂಗ್ರಹಾಲಯದಲ್ಲಿ ವಸ್ತು ಮನೆ ಬಿಟ್ಟು ಬಂದಿರುತ್ತದೆ. ಇಲ್ಲಿ ಮನೆಯೇ ವಸ್ತುವಾಗಿದೆ.

ಇನ್ನು ಕೆಲವು ವ್ಯಾವಹಾರಿಕ ಮಾತುಗಳು. ಘಾರಾಪುರಿಗೂ ಕನ್ಹೇರಿಗೂ ಸೋಮವಾರ ರಜೆ. ಬೈಕಲಾದ ಸಂಗ್ರಹಾಲಯಕ್ಕೂ ರಾಣಿಬಾಗಿಗೂ ಬುಧವಾರ ವಾಡಿಕೆಯ ರಜೆ. ದುರಸ್ತಿಗಾಗಿ ಬಾಗಿಲು ಹಾಕುವುದೂ ಉಂಟಾದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಮಳೆಗಾಲದಲ್ಲಿ ಕಡಲು ಕೆರಳಿದರೆ ದೋಣಿಗಳು ನಿಲ್ಲುತ್ತವೆ. ಒಂದು ಸಂಗ್ರಹಾಲಯಕ್ಕೆ ಎರಡು ಗಂಟೆ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ನೋಡಿದ್ದೂ ಮರೆಯುತ್ತದೆ. ವಯಸ್ಸಾದವರನ್ನು ನಡುನಡುವೆ ಕುಳ್ಳಿರಿಸಿ. ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ವಸ್ತುವನ್ನು ಒಪ್ಪಿಸಿ, ಮನೆಗೆ ಬಂದ ಮೇಲೆ ಅದರ ಚಿತ್ರ ಬರೆದು ತೋರಿಸಲು ಹೇಳಿ.

ಶಿಲ್ಪಗಳನ್ನು ಮುಟ್ಟಬಾರದೆಂದು ಕಾವಲುಗಾರ ಹೇಳಿದಾಗ ಕೋಪ ಬರುವುದು ಸಹಜ. "ಕಲ್ಲಲ್ಲವೆ, ಸವೆಯುತ್ತದೆಯೆ?" ಎನ್ನುತ್ತೇವೆ. ಖಂಡಿತ ಸವೆಯುತ್ತದೆ. ನಮ್ಮ ಕೈಯ ಬೆವರಿನಲ್ಲಿ ಉಪ್ಪೂ ಜಿಡ್ಡೂ ಇರುತ್ತವೆ. ದಿನಕ್ಕೆ ಸಾವಿರ ಕೈಗಳು ಮುಟ್ಟಿದರೆ ಕಲ್ಲಿನ ಮೈ ಕಪ್ಪಾಗಿ ನಯವಾಗಿ ಉಳಿಯ ಗೆರೆಗಳು ಅಳಿಸಿಹೋಗುತ್ತವೆ. ಹಾಗೆಯೇ ಚಿತ್ರಗಳ ಕೋಣೆಯಲ್ಲಿ ದೀಪ ಮಂಕಾಗಿರುವುದು ಜಿಪುಣತನದಿಂದಲ್ಲ. ಬೆಳಕು ಹೆಚ್ಚಾದಷ್ಟೂ ಹಳೆಯ ಬಣ್ಣಗಳು ಮಾಸುತ್ತವೆ, ಕಾಗದ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಒಳಗೆ ಹೋಗಿ ಎರಡು ನಿಮಿಷ ಸುಮ್ಮನೆ ನಿಂತರೆ ಕಣ್ಣು ಆ ಬೆಳಕಿಗೆ ಹೊಂದಿಕೊಂಡು ಎಲ್ಲವೂ ಕಾಣತೊಡಗುತ್ತದೆ.

ಹೀಗೆ ನೋಡಿ ಬಂದವರಿಗೆ ಮುಂಬಯಿ ಅಷ್ಟೇ ಅಲ್ಲ, ತಮ್ಮ ಊರೂ ಬೇರೆಯಾಗಿ ಕಾಣಬೇಕು. ನಮ್ಮ ಹಳ್ಳಿಗಳ ಕೆರೆಯ ಏರಿಯ ಮೇಲೆ, ಅರಳಿಕಟ್ಟೆಯ ಪಕ್ಕದಲ್ಲಿ, ಅರ್ಧ ಮಣ್ಣಿನಲ್ಲಿ ಹೂತ ವೀರಗಲ್ಲುಗಳು ಎಷ್ಟಿಲ್ಲ! ಅವುಗಳ ಮೇಲೆ ಬಟ್ಟೆ ಒಗೆಯುತ್ತೇವೆ, ರಸ್ತೆ ಅಗಲ ಮಾಡುವಾಗ ಉರುಳಿಸುತ್ತೇವೆ. ಅವುಗಳ ಪಕ್ಕದಲ್ಲಿ ಚೀಟಿ ಇಲ್ಲ, ಕಾವಲುಗಾರನಿಲ್ಲ. ಪ್ರಾಚೀನ ವಸ್ತುಗಳನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸಕೂಡದೆಂದು 1972ರ ಕಾನೂನು ಹೇಳುತ್ತದೆ. ಆದರೆ ಊರಿನವರಿಗೇ ಗೊತ್ತಿಲ್ಲದ ಕಲ್ಲು ಒಂದು ರಾತ್ರಿ ಕಾಣೆಯಾದರೆ, ಅದು ಇತ್ತೆಂದು ಸಾಕ್ಷಿ ಹೇಳುವವರು ಯಾರು?

ಆದ್ದರಿಂದ ಮುಂಬಯಿಯ ಹಜಾರದಲ್ಲಿ ಕಲಿತ ಪ್ರಶ್ನೆಯನ್ನು ಮನೆಗೂ ತನ್ನಿ. ಊರಿನ ಕಲ್ಲು ಎಲ್ಲಿದೆ, ಎಷ್ಟು ಎತ್ತರವಿದೆ, ಅದರ ಮೇಲೆ ಅಕ್ಷರವಿದೆಯೆ, ಹಿರಿಯರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಶಾಲೆಯ ಮಕ್ಕಳು ಒಂದು ಪುಸ್ತಕದಲ್ಲಿ ಬರೆದಿಡಲಿ. ಒಂದು ಛಾಯಾಚಿತ್ರವನ್ನೂ ಅಂಟಿಸಲಿ. ಅಷ್ಟಾದರೆ ಆ ಕಲ್ಲಿಗೂ ಒಂದು ಚೀಟಿ ಸಿಕ್ಕಂತಾಯಿತು. ಅದು ಹುಟ್ಟಿದ ಊರನ್ನು ಬಿಟ್ಟು ಹೋಗಬೇಕಾದ ಅಗತ್ಯವೂ ಬರಲಾರದು.